ಹೊರದೇಶದಿಂದ ಬೋಟ್ ಗೋವಾಕ್ಕ ತರೋ ವಿಚಾರ ಇದ್ರ, ಕಂಟೇನರ್ ಬುಕ್ ಮಾಡೂ ಮೊದ್ಲ ಇದನ್ನ ಓದ್ರಿ

ಮೊನ್ನೆ ಹುಬ್ಬಳ್ಳಿಯ ಪರಿಚಯದವ್ರೊಬ್ರು ಫೋನ್ ಮಾಡಿದ್ರು, ಅವ್ರ ಅಳಿಯ ಕೆನಡಾದಾಗ ಅದಾನ, ಅಲ್ಲೆ ಒಂದು ಸಣ್ಣ ಮೋಟಾರ್ ಬೋಟ್ ಇಟ್ಟಾನ, ಈಗ ವಾಪಸ್ ಬಂದು ಗೋವಾದಾಗ ಮನಿ ಮಾಡ್ತಾನಂತ, ಬೋಟನ್ನೂ ಜೊತಿಗೆ ತರ್ತಾನಂತ. "ನಿಮ್ಮ ಅಣ್ಣಾರೂ ತಂದಿದ್ರಲ್ಲ, ಹೆಂಗ ಮಾಡಿದ್ರಿ" ಅಂತ ಕೇಳಿದ್ರು. ಒಂದು ತಾಸು ಮಾತಾಡಿದ್ವಿ. ಫೋನ್ ಇಟ್ಟ ಮ್ಯಾಲ ಅನಿಸ್ತು, ಇದನ್ನ ಬರದ ಇಡಬೇಕು, ನಾವು ತರೂ ಮುಂದ ಇದರ ಬಗ್ಗೆ ಕನ್ನಡದಾಗ ಒಂದು ಸಾಲೂ ನಮಗ ಸಿಕ್ಕಿರಲಿಲ್ಲ.

ನಮ್ಮದು ಮೂಲ ಧಾರವಾಡ, ನಾ ವಾಸ್ಕೋಕ್ಕ ಬಂದು 14 ವರ್ಷ ಆತು. ಅಣ್ಣ ಅಮೇರಿಕಾದ ಮಿಷಿಗನ್‌ದಾಗ ಇದ್ದ. ಅಲ್ಲಿ ಸರೋವರ ಅಂದ್ರ ಆಚಿ ದಂಡಿ ಕಾಣೂದಿಲ್ಲ, ಸಮುದ್ರ ಇದ್ದಂಗ, ಆದ್ರ ನೀರು ಸಿಹಿ. ಇದನ್ನ ನೆನಪಿಡ್ರಿ, ಮುಂದ ಬರ್ತೈತಿ. ಬೋಟು 19 ಫೂಟಿಂದು, ಫೈಬರ್, 2009ರ ಮಾಡೆಲ್, ವಿ6 ಪೆಟ್ರೋಲ್ ಇಂಜಿನ್ ಒಳಗ ಕುಂತಿರ್ತೈತಿ, ಫ್ಯಾನ್ ಇರೋ ಕಾಲು ಹಿಂದ ಹೊರಗ, ಸ್ಟರ್ನ್‌ಡ್ರೈವ್ ಅಂತಾರ ಅದಕ್ಕ. ನವೆಂಬರ್ ಬಂತಂದ್ರ ಬೋಟ್ ಮ್ಯಾಲೆತ್ತಿ ಬಿಳಿ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿ ಏಪ್ರಿಲ್ ತನಕ ಇಟ್ಟುಬಿಡೂದು, ವರ್ಷದಾಗ ಐದು ತಿಂಗಳ ಅಷ್ಟ ಓಡಸೂದು. ಅಣ್ಣನ ಮಕ್ಕಳು ಈಜು ಕಲ್ತದ್ದು ಆ ಬೋಟಿನ ಬಾಜೂಕ. 2024ರಾಗ ಅಣ್ಣ ರಿಟೈರ್ ಆಗಿ ವೈನಿ ಜೊತಿ ಇಲ್ಲಿಗೆ ಬರೂದು ಅಂತ ಆದಾಗ ಬಾಜೂ ಮನಿಯವ್ರು ಬೋಟಿಗೆ 9,000 ಡಾಲರ್ ಕೊಡ್ತೀವಂದ್ರು, ಅಣ್ಣನಿಗೆ ಕೊಡಾಕ ಮನಸ್ಸಾಗಲಿಲ್ಲ. "ಅಲ್ಲೆ ವರ್ಷಪೂರ್ತಿ ಬೆಚ್ಚಗಿರ್ತೈತಿ, ನೀರು ಗಟ್ಟಿ ಆಗೂದಿಲ್ಲ, ಬೋಟಿಗೂ ಆರಾಮ" ಅಂದ. ನನಗೂ ಖರೇನ ಹಂಗ ಅನಿಸಿತ್ತು. ನಾವಿಬ್ರೂ ಎಡವಿದ್ದು ಇಲ್ಲೆ.

ಸಾಗಿಸೂ ಏಜೆಂಟ್ 7,400 ಡಾಲರ್ ಅಂತ ಕೋಟೇಶನ್ ಕೊಟ್ಟ. ಹೆಸರು ಹೇಳೂದಿಲ್ಲ, ಯಾರ ಕಡೆ ಹೋದ್ರೂ ಕೋಟೇಶನ್ ಸುಮಾರು ಹಂಗ ಇರ್ತೈತಿ. ಅದರಾಗ ಕೊನೀ ಸಾಲು ಮುಂಬೈ ಹತ್ರದ ನ್ಹಾವಾ ಶೇವಾ ಬಂದರಿನ ತನಕ ಅಂತಿತ್ತು, ಅದರ ಮುಂದಿಂದು ಖಾಲಿ. ನಾ ಆ ಖಾಲಿ ಜಾಗಾದ ಬಗ್ಗೆ ಏನೂ ಕೇಳಲಿಲ್ಲ. ನಮ್ಮ ತಲಿಯೊಳಗ ಇದ್ದದ್ದು, ಅಣ್ಣ ಖಾಯಂ ವಾಪಸ್ ಬರಾಕತ್ತಾನ, ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅಂತ ಮನಿ ಸಾಮಾನಿಗೆ ರಿಯಾಯ್ತಿ ಕೊಡ್ತಾರಲ್ಲ, ಅದರಾಗ ಬೋಟೂ ಬಂದುಬಿಡ್ತೈತಿ ಅಂತ. ಬರೂದಿಲ್ರಿ. ಆ ರಿಯಾಯ್ತಿ ಫ್ರಿಜ್, ಟಿವಿ, ಡಿಶ್‌ವಾಶರ್ ಅಂಥಾ ಮನಿ ಬಳಕಿ ಸಾಮಾನಿಗೆ. ಬೋಟ್ ಅದರಾಗ ಇಲ್ಲ.

ಮೊದಲನೇ ತೊಂದ್ರಿ ಅಗಲದ್ದು. ಅಲ್ಲಿ ಬೋಟ್ ಕಟ್ಟೋರು ಅವ್ರ ರೋಡಿನ ಲೆಕ್ಕದಾಗ ಎಂಟೂವರಿ ಫೂಟಿನ ತನಕ ಅಗಲ ಇಡ್ತಾರ, ನಮ್ಮದು 8 ಫೂಟ್ ಅಂದ್ರ 2.44 ಮೀಟರ್, ಕಂಟೇನರ್ ಬಾಗಲಾ ಇರೋದು 2.34 ಮೀಟರ್. ಹತ್ತು ಸೆಂಟಿಮೀಟರ್ ಸಲವಾಗಿ ಬೋಟನ್ನ ಓರೆ ಮಾಡಿ 40 ಫೂಟಿನ ಹೈ ಕ್ಯೂಬ್ (ಎತ್ತರ ಹೆಚ್ಚಿರೋ) ಕಂಟೇನರಿನಾಗ ಕೂಡ್ರಿಸಬೇಕಾತು, ಅದಕ್ಕಂತ ಅಲ್ಲಿನ ಯಾರ್ಡಿನವ್ರು ಹಳೇ ಕಟಗಿ ತೊಲಿ ಜೋಡಿಸಿ ಒಂದು ತೊಟ್ಟಿಲದಂಥಾ ಚೌಕಟ್ಟು ಮಾಡಿದ್ರು. ಛಲೋ ಗಟ್ಟಿ ಮಾಡಿದ್ರು, ಅದರ ಬಗ್ಗೆ ಮಾತಿಲ್ಲ. ಆದ್ರ ಆ ಕಟಗಿ ಮ್ಯಾಲ ಐಎಸ್‌ಪಿಎಂ 15 ಮುದ್ರಿ ಇರಲಿಲ್ಲ. ಹೊರದೇಶದಿಂದ ಬರೋ ಪ್ಯಾಕಿಂಗ್ ಕಟಗಿಗೆ ಹುಳ ಸಾಯೂವಂಗ ಕಾಸಿ ಇಲ್ಲಾ ಧೂಮ ಹಾಕಿ ಆ ಮುದ್ರಿ ಒತ್ತಿರಬೇಕು, ಗೋಧಿ ತೆನಿ ಚಿತ್ರ ಇರ್ತೈತಿ ಅದರಾಗ. ಇದು ನಮಗ ಗೊತ್ತಾಗಿದ್ದು ಕಂಟೇನರ್ ತೆಗೆದ ದಿನ.

ನವೆಂಬರ್ ಕೊನಿಗೆ ಹೊಂಟ ಹಡಗು ಕೆಂಪು ಸಮುದ್ರದ ಗದ್ದಲದ ಸಲವಾಗಿ ಆಫ್ರಿಕಾದ ಕೆಳಗಿಂದ ಸುತ್ತು ಹಾಕಿ ಬಂತು, ಜನವರಿ 18ಕ್ಕ ನ್ಹಾವಾ ಶೇವಾ ಮುಟ್ಟಿತು. ಹಡಗು ಮುಟ್ಟೂ ಹಿಂದಿನ ದಿನದೊಳಗ ಬಿಲ್ ಆಫ್ ಎಂಟ್ರಿ, ಅಂದ್ರ ಒಳಗ ಬರೋ ಮಾಲಿನ ವಿವರದ ಕಸ್ಟಮ್ಸ್ ಅರ್ಜಿ, ಹಾಕಿರಬೇಕು, ತಡ ಆದ್ರ ಮೊದಲ ಮೂರು ದಿನ ದಿನಕ್ಕ 5,000 ರೂಪಾಯಿ, ಆಮ್ಯಾಲ ದಿನಕ್ಕ 10,000. ನಾವು ಸಿಎಚ್‌ಎ, ಅಂದ್ರ ಕಸ್ಟಮ್ಸ್ ಕೆಲಸ ಮಾಡಿಸಿಕೊಡೂ ಏಜೆಂಟ್, ಹುಡುಕೂದ್ರಾಗ ನಾಕು ದಿನ ಹೋತು, 25,000 ಅಲ್ಲೇ ಕಟ್ಟಿದ್ವಿ.

ಕಂಟೇನರ್ ತೆಗೆದದ್ದು ಉರಣ ಕಡಿ ಒಂದು ಸಿಎಫ್‌ಎಸ್‌ದಾಗ (ಬಂದರಿನ ಹೊರಗ ಕಂಟೇನರ್ ಇಟ್ಟು ತಪಾಸಣಿ ಮಾಡೂ ಯಾರ್ಡ್), ನಾ ಅಣ್ಣ ಇಬ್ರೂ ಇದ್ವಿ. ಬಾಗಲಾ ತೆಗೀತಿದ್ದಂಗ ಮುಗ್ಗಲು ವಾಸನಿ ಬಂತು, ಮಳಿಗಾಲದಾಗ ಮುಚ್ಚಿಟ್ಟ ಹಾಸಿಗಿ ವಾಸನಿ ಇರ್ತೈತಲ್ಲ, ಅದರ ಹತ್ತು ಪಟ್ಟು. ಅಲ್ಲಿ ಥಂಡಿಗೆ ಸುತ್ತಿದ ಬಿಳಿ ಪ್ಲಾಸ್ಟಿಕ್ ಹಂಗ ಇತ್ತು, ಒಳಗಿನ ಕಡೆಯಿಂದ ನೀರು ಹನಿ ಹನಿಯಾಗಿ ಇಳೀತಿತ್ತು. ಚಳಿ ಊರಾಗ ಗಾಳಿ ಆಡದಂಗ ಸುತ್ತಿದ ಬೋಟು ಎರಡು ತಿಂಗಳ ಬಿಸಿ ಸಮುದ್ರದ ಮ್ಯಾಲ ಬಂದ್ರ ಒಳಗಿನ ತೇವ ಎಲ್ಲಿಗೆ ಹೋಗಬೇಕು. ಅಣ್ಣ ಪ್ಲಾಸ್ಟಿಕ್ ಕೊಯ್ದ, ಸೀಟುಗಳ ಮ್ಯಾಲ ಕಪ್ಪು ಹಸಿರು ಬೂಷ್ಟು, ಬೆರಳಿಟ್ರ ಬೆರಳಿಗೆ ಬರ್ತಿತ್ತು. ಮಕ್ಕಳು ಕುಂಡ್ರೂ ಮುಂದಿನ ಸೀಟ್ ಒರಸ್ಕೋತ ಅಂವ ಏನೂ ಮಾತಾಡಲಿಲ್ಲ. ಗಾಳಿ ಕಿಂಡಿ ಇಟ್ಟು ಸುತ್ತಿಸ್ರಿ, ಸೀಟು ಬಿಚ್ಚಿ ಬ್ಯಾರೆ ಕಟ್ರಿ, ತೇವ ಹೀರೂ ಚೀಲ ಹಾಕಸ್ರಿ. ಇಷ್ಟ ಮಾಡಿದ್ರ ಅದು ಉಳೀತಿತ್ತು.

ಆದ್ರ ಸೀಟು ಸಣ್ಣ ವಿಷಯ. ದೊಡ್ಡದನ್ನ ಹೇಳಿದಾಂವ ಸಿಎಚ್‌ಎ ಆಫೀಸಿನ ಹುಡುಗ, ಅಕ್ಕಲಕೋಟ ಕಡಿಯಾಂವ, ನಾವು ಮಾತಾಡೂದು ಕೇಳಿ ತಾನಾಗೇ ಕನ್ನಡದಾಗ ಮಾತಿಗೆ ಬಂದ. ನಮ್ಮನ್ನ ಚಹಾದಂಗಡಿಗೆ ಕರ್ಕೊಂಡು ಹೋಗಿ ಹೇಳಿದ, "ಕಾಕಾ, ಇದು ಹಳೇ ಮಾಲು. ಕ್ಯಾಪಿಟಲ್ ಗೂಡ್ಸ್, ಅಂದ್ರ ಕಾರ್ಖಾನಿ ಯಂತ್ರದಂಥಾದ್ದು, ಅಲ್ಲದ ಸೆಕೆಂಡ್ ಹ್ಯಾಂಡ್ ಮಾಲು ಡಿಜಿಎಫ್‌ಟಿ, ಅಂದ್ರ ಕೇಂದ್ರದ ವಿದೇಶ ವ್ಯಾಪಾರ ಇಲಾಖೆ, ಪರವಾನಗಿ ಇಲ್ಲದ ಒಳಗ ಬರಂಗಿಲ್ರಿ. ಪರವಾನಗಿ ಮೊದ್ಲ ತಗೊಂಡು ಆಮ್ಯಾಲ ಹಡಗಿಗೆ ಏರಿಸಬೇಕು. ಕಳಸೂ ಮುಂದ ಒಂದು ಫೋನ್ ಮಾಡಿದ್ರ ನಾ ಪುಕ್ಕಟ ಹೇಳ್ತಿದ್ದೆ." ಅವನ ಆ ಮಾತು ಇವತ್ತಿಗೂ ಕಿವಿಯಾಗ ಐತಿ. ಅಧಿಕಾರಿಗಳು ನಮಗ ಅನ್ಯಾಯ ಮಾಡಿದ್ರು ಅಂತ ನಾ ಹೇಳೂದಿಲ್ಲ, ಕಾನೂನು ಇದ್ದಂಗ ಮಾಡಿದ್ರು. ಮಾಲು ಜಪ್ತಿ ಅಂತ ಆಗಿ, ಅದನ್ನ ಬಿಡಿಸ್ಕೊಳ್ಳಾಕ ರಿಡೆಂಪ್ಷನ್ ಫೈನ್, ಅದರ ಮ್ಯಾಲ ಪೆನಾಲ್ಟಿ, ಎರಡೂ ಕೂಡಿ 2 ಲಕ್ಷ 10 ಸಾವಿರ.

ಡ್ಯೂಟಿ ಹಾಕೂದು ಬೋಟಿನ ಕಿಮ್ಮತ್ತಿನ ಮ್ಯಾಲ ಅಷ್ಟ ಅಲ್ಲ, ಹಡಗಿನ ಬಾಡಿಗಿ, ಇನ್ಶೂರನ್ಸ್ ಎಲ್ಲಾ ಕೂಡಿಸಿ ಹಾಕ್ತಾರ, ಅಂದ್ರ ನಾವು ಕೊಟ್ಟ 7,400 ಡಾಲರ್ ಬಾಡಿಗಿಗೂ ಡ್ಯೂಟಿ. ಬಾಜೂ ಮನಿಯವ್ರು ಕೇಳಿದ್ದ 9,000 ಅಂತ ಹೇಳಿದ್ರ ಅದನ್ನ ಒಪ್ಪಲಿಲ್ಲ, ಚಾರ್ಟರ್ಡ್ ಇಂಜಿನಿಯರ್ ಬಂದು ನೋಡಿ 12,500 ಡಾಲರ್ ಅಂತ ಬರದ್ರು. ಇನ್ನೊಂದು, 2016ರಾಗ ಅಣ್ಣ ಇಂಜಿನ್ ಬದಲಿ ಮಾಡಿದ್ದ, ಪೇಪರಿನಾಗಿನ ಇಂಜಿನ್ ನಂಬರು ಬ್ಯಾರೆ, ಬೋಟಿನಾಗ ಇದ್ದದ್ದು ಬ್ಯಾರೆ. ಎಂಟು ವರ್ಷದ ಹಿಂದಿನ ಬಿಲ್ಲು ಮಿಷಿಗನ್ ಮೆಕ್ಯಾನಿಕ್ ಹುಡುಕಿ ಕಳಸೂ ತನಕ ಹದಿನಾರು ದಿನ ಫೈಲ್ ನಿಂತಲ್ಲೇ ನಿಂತಿತ್ತು. ಎಲ್ಲಾ ಸೇರಿ ಡ್ಯೂಟಿ 10 ಲಕ್ಷ 80 ಸಾವಿರದ ಹತ್ರ ಆತು. ಆಗ ಆಮದಿನ ಮ್ಯಾಲಿನ ಜಿಎಸ್‌ಟಿ, ಅಂದ್ರ ಐಜಿಎಸ್‌ಟಿ, 28% ಇತ್ತು, 2025ರ ಸೆಪ್ಟೆಂಬರ್ 22ರಿಂದ ಮೋಜಿನ ಬೋಟಿಗೆ ಅದು 40% ಆಗೈತಿ, ಈಗ ತರೋರಿಗೆ ಇನ್ನೂ ಭಾರ.

ಇಷ್ಟೆಲ್ಲಾ ನಡಿಯೂ ಮುಂದ ಆ ಕಡೆ ಮೀಟರ್ ಓಡ್ತಿರ್ತೈತಿ. ಸಿಎಫ್‌ಎಸ್‌ನವ್ರ ಗ್ರೌಂಡ್ ರೆಂಟ್ (ಜಾಗಾದ ಬಾಡಿಗಿ) ಬ್ಯಾರೆ, ಹಡಗು ಕಂಪನಿಯವ್ರ ಕಂಟೇನರ್ ಡಿಟೆನ್ಷನ್ (ಕಂಟೇನರ್ ತಡ ಮಾಡಿ ಕೊಟ್ಟದ್ದಕ್ಕ ದಂಡ) ಬ್ಯಾರೆ, ಫ್ರೀ ದಿನ ಮುಗದ ಮ್ಯಾಲ ವಾರ ಕಳದಂಗ ರೇಟ್ ಏರ್ತೈತಿ. 55 ದಿನಕ್ಕ 3 ಲಕ್ಷ 10 ಸಾವಿರ, ಕಟಗಿಗೆ ಧೂಮ ಹಾಕಿಸಿದ್ದು ಇದರಾಗ ಬಂತು. 30 ದಿನ ದಾಟಿದ ಮಾಲನ್ನ ನೋಟಿಸ್ ಕೊಟ್ಟು ಹರಾಜು ಹಾಕೂ ಅಧಿಕಾರ ಕಸ್ಟಮ್ಸ್ ಕಾಯ್ದೆದಾಗ ಐತಿ, ಫೆಬ್ರವರಿ ಮಧ್ಯಕ್ಕ ನಮಗ ನಿದ್ದಿ ಹತ್ತತಿರಲಿಲ್ಲ. ವೈನಿ ಒಂದು ರಾತ್ರಿ ಫೋನಿನಾಗ "ಬಿಟ್ಟುಬಿಡ್ರಿ, ಹೋಗ್ಲಿ ಅದು" ಅಂದ್ರು. ಆಗ ಬಿಟ್ಟಿದ್ರ ಛಲೋ ಇತ್ತು ಅಂತ ಈಗ ಅನಸ್ತೈತಿ, ಆದ್ರ ಅಷ್ಟು ಹಾಕಿದ ಮ್ಯಾಲ ಬಿಡಾಕ ಮನಸ್ಸು ಬರೂದಿಲ್ಲ.

ಮಾರ್ಚ್ 14ಕ್ಕ ಬಿಡುಗಡಿ ಆತು. ಟ್ರೇಲರ್ ಗಾಡಿ ಪುಣೆ, ಕೊಲ್ಹಾಪುರ ಹಾದು 85,000ಕ್ಕ ಬೋಟ್ ತಂದು ಮುಟ್ಟಿಸ್ತು. ಕ್ರೇನಿಂದ ಝುವಾರಿ ನದಿಗೆ ಇಳಿಸಿ ಕಟ್ಟಿದ್ವಿ. ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ (ಗೋವಾ ಸರ್ಕಾರದ ಬಂದರು ಇಲಾಖೆ) ಕಡೆ ಸರ್ವೆ ಆಗಿ ರಿಜಿಸ್ಟ್ರೇಶನ್ ಆಗೂ ತನಕ ಓಡಸೂವಂಗಿಲ್ಲ, ಅದಕ್ಕ ಬೇಕಾದ ಕಾಗದ ನಾವು ಕೂಡಿಸ್ಕೋತ ಕುಂತ್ವಿ, ಬೋಟ್ ನೀರಾಗ ನಿಂತಿತ್ತು. ಝುವಾರಿ ಅಲ್ಲಿ ನದಿ ಅಂದ್ರೂ ಸಮುದ್ರದ ನೀರೇ, ಭರತಿ ಇಳಿತ ಎರಡೂ ಬರ್ತೈತಿ.

ಏಪ್ರಿಲ್ ಕೊನಿಗೆ ಇಂಜಿನ್ ಸ್ಟಾರ್ಟ್ ಮಾಡಿ ನೋಡೂಣಂತ ಹೋದ್ವಿ, ಐದು ನಿಮಿಷದಾಗ ಟೆಂಪರೇಚರ್ ಕಾಟಾ ಏರಾಕ ಹತ್ತಿತು, ಅಲಾರ್ಮ್ ಹೊಡ್ಕೊಂತು. ಕಾರವಾರದ ಮೆಕ್ಯಾನಿಕ್ ಒಬ್ರನ್ನ ಕರಸಿದ್ವಿ, ಟ್ರಾಲರ್ ಇಂಜಿನ್ ಮಾಡೋರು. ಮ್ಯಾಲೆತ್ತಿಸಿ ನೋಡಿದ್ರ ತಳ ಪೂರ್ತಿ ಬಾರ್ನಕಲ್, ಬಂಡೆಗಲ್ಲಿಗೆ ಅಂಟಿರ್ತಾವಲ್ಲ ಚೂಪನ್ನ ಬಿಳಿ ಚಿಪ್ಪು, ಕೈ ಆಡಿಸಿದ್ರ ಕೊಯ್ತಾವ. ಇಂಜಿನ್ನಿಗೆ ನೀರು ಎಳಿಯೂ ಸಂದಿ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಸರೋವರದ ಬೋಟಿಗೆ ತಳಕ್ಕ ಇಂಥಾ ಚಿಪ್ಪು ಅಂಟದಂಗ ಮಾಡೂ ಆಂಟಿಫೌಲಿಂಗ್ ಬಣ್ಣ ಹಚ್ಚಿರಲಿಲ್ಲ, ಅಲ್ಲೆ ಅದು ಬೇಕಾಗಿರಲಿಲ್ಲ.

ಆಮ್ಯಾಲ ಅವ್ರು ಹಿಂದಿನ ಕಾಲಿಗೆ ಬಗ್ಗಿ ಒಂದು ಬೋಲ್ಟ್ ಬಿಚ್ಚಿ ಏನೋ ನನ್ನ ಅಂಗೈಯಾಗ ಇಟ್ರು. ಆನೋಡ್ ಅದು. ಅಲ್ಯೂಮಿನಿಯಂ ಕಾಲು ತುಕ್ಕು ಹಿಡೀಬಾರ್ದಂತ ಅದರ ಬದ್ಲಿ ತಾನು ಕರಗೂ ಲೋಹದ ಬಿಲ್ಲಿ. ಆಗ ಅದು ಚೀಪಿ ಬಿಟ್ಟ ಬೆಲ್ಲದ ಚೂರಿನಂಗ ಇತ್ತು, ತೂತು ತೂತು, ಹಿಂಡಿದ್ರ ಪುಡಿ. "ಇದು ಮೆಗ್ನೀಸಿಯಂದು ಮಾರಾಯ್ರೇ, ಸಿಹಿ ನೀರಿಗೆ ಹಾಕೂದು. ಉಪ್ಪು ನೀರಲ್ಲಿ ಕೆಲವೇ ವಾರ ಬರ್ತದೆ. ಇಳಿಸೂ ಮೊದ್ಲು ಜಿಂಕ್ ಇಲ್ಲಾ ಅಲ್ಯೂಮಿನಿಯಂ ಹಾಕ್ಬೇಕಿತ್ತು" ಅಂದ್ರು. ಅದು ಕರಗಿ ಮುಗದ ಮ್ಯಾಲ ಕಾಲನ್ನ ತಿನ್ನಾಕ ಶುರು ಆಗಿತ್ತು, ಬಣ್ಣದ ಕೆಳಗ ಬಿಳಿ ಪುಡಿ ಗುಳ್ಳಿ ಎದ್ದಿದ್ವು. ಒಂದು ಜೋಡಿ ಆನೋಡಿಗೆ ಕೆಲವು ಸಾವಿರ ರೂಪಾಯಿ. ಕಾಲಿಗೆ ಲಕ್ಷ. ಇದನ್ನ ನೆನಸಿದಾಗ ನನಗ ಡ್ಯೂಟಿಕ್ಕಿಂತ ಹೆಚ್ಚು ಸಂಕಟ ಆಗ್ತೈತಿ, ಯಾಕಂದ್ರ ಇದು ಪೂರ್ತಿ ತಪ್ಪಿಸಬಹುದಿತ್ತು.

ಆ ಇಂಜಿನ್ ಹೊರಗಿನ ನೀರನ್ನೇ ಒಳಗ ತಿರುಗಿಸಿ ತಂಪು ಮಾಡ್ಕೊಳ್ಳೂವಂಥಾದ್ದು. ಅಲ್ಲೆ ತಂಪು ಸಿಹಿ ನೀರು ಓಡ್ತಿತ್ತು, ಇಲ್ಲಿ ಮೇ ತಿಂಗಳಾಗ 30 ಡಿಗ್ರಿ ಹತ್ರದ ಉಪ್ಪು ನೀರು. ಇಂಜಿನ್ನಿನ ಹೊಗಿ ಹೊರಗ ಹಾಕೂ ಮ್ಯಾನಿಫೋಲ್ಡ್ ಒಳಗಿಂದ ತುಕ್ಕು ಹಿಡೀತೈತಿ, ಓಡಿಸಿದ ಪ್ರತಿ ಸಲ ಸಿಹಿ ನೀರು ಹಾಯಿಸಿ ತೊಳೀಬೇಕು. ಸಮುದ್ರದಾಗ ಇಡೂ ಬೋಟಿಗೆ ಕೂಲೆಂಟ್ ಒಳಗೇ ತಿರುಗೂ ಕ್ಲೋಸ್ಡ್ ಕೂಲಿಂಗ್ ಇರಬೇಕು. ಪೆಟ್ರೋಲೂ ನೋಡ್ರಿ, ನಮ್ಮಲ್ಲಿ ಈಗ ಬಂಕಿನಾಗ ಇ20, ಅಂದ್ರ 20% ಎಥನಾಲ್ ಕೂಡಿಸಿದ ಪೆಟ್ರೋಲ್, ಬರ್ತೈತಿ, ಬೋಟ್ ಇಂಜಿನ್ ಮಾಡೋರು ಹೆಚ್ಚಿನವ್ರು ಇ10ರ ತನಕ ಅಷ್ಟ ಒಪ್ತಾರ, ಎಥನಾಲ್ ಗಾಳಿಯಾಗಿನ ತೇವ ಎಳ್ಕೊತೈತಿ, ಟ್ಯಾಂಕಿನ ತಳಕ್ಕ ನೀರು ಕೂಡ್ತೈತಿ. ಬ್ಯಾಟರಿ ಚಾರ್ಜರ್ 120 ವೋಲ್ಟಿಂದು, ನಮ್ಮ 230ಕ್ಕ ಹಾಕಿದ ಕ್ಷಣ ಸುಟ್ಟು ಹೋತು.

ಜೂನ್ ಬಂತು, ಮಳಿ ಹಿಡೀತು. ಆ ಹೊತ್ತಿಗೆ ಇಲ್ಲಿ ಸಣ್ಣ ಬೋಟ್ ಎಲ್ಲಾ ಮ್ಯಾಲೆ ಏರಿರ್ತಾವ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕಿನೂ ಬಂದ್. ಬೋಟ್ ತರೋದಾದ್ರ ಅಕ್ಟೋಬರ್‌ಕ್ಕ ನೀರಿಗೆ ಇಳಿಯೂವಂಗ ಲೆಕ್ಕ ಹಾಕ್ರಿ, ಮಾರ್ಚಿಗೆ ಬಂದ್ರ ಸೀಸನ್ ಹೋತು.

ಬೋಟಿನ ಕಿಮ್ಮತ್ತು ಹಿಡದು ಲೆಕ್ಕ ಹಾಕಿದ್ರ, ರಿಪೇರಿ ಬಿಟ್ಟು, 31 ಲಕ್ಷ ದಾಟೈತಿ. ಗೋವಾದಾಗ, ಕೊಚ್ಚಿಯಾಗ ಫೈಬರ್ ಬೋಟ್ ಕಟ್ಟೋರು ಅದಾರ, ಇದಕ್ಕಿಂತ ಭಾಳ ಕಡಿಮಿಗೆ ಈ ನೀರಿಗಂತನ ಕಟ್ಟಿದ ಹೊಸಾ ಬೋಟು, ಹೊಸಾ ಔಟ್‌ಬೋರ್ಡ್ ಇಂಜಿನ್ ಬರ್ತಿತ್ತು. ಅಷ್ಟಾದ್ರೂ ತರೂದೇ ಅಂದ್ರ ಮೊದ್ಲ ನ್ಹಾವಾ ಶೇವಾದ ಒಬ್ಬ ಸಿಎಚ್‌ಎ ಕಡೆ ಬರವಣಿಗಿಯಾಗ ತಗೋರಿ, ಪರವಾನಗಿ ಬೇಕೋ ಬ್ಯಾಡೋ, ಡ್ಯೂಟಿ ಎಷ್ಟು, ಫ್ರೀ ದಿನ ಎಷ್ಟು. ಆ ಕಾಗದ ಕೈಗೆ ಬರೂ ತನಕ ಹೊರದೇಶದ ಏಜೆಂಟಿಗೆ ಅಡ್ವಾನ್ಸ್ ಕೊಡಬ್ಯಾಡ್ರಿ. ಹುಬ್ಬಳ್ಳಿಯವ್ರಿಗೆ ಅಷ್ಟ ಹೇಳಿದೆ, ಅಳಿಯ ಬುಕಿಂಗ್ ನಿಲ್ಲಿಸ್ಯಾನಂತ ನಿನ್ನೆ ಮೆಸೇಜ್ ಬಂತು.

ನಮ್ಮ ಬೋಟು ಇನ್ನೂ ಝುವಾರಿ ದಂಡಿ ಯಾರ್ಡಿನಾಗ ನೀಲಿ ತಾಡಪತ್ರಿ ಕೆಳಗ ಐತಿ. ಕಾಲು ಬದಲಿ ಮಾಡೂದು ಬಾಕಿ. ಅಣ್ಣ ಐತವಾರಕ್ಕೊಮ್ಮೆ ಹೋಗಿ ತಾಡಪತ್ರಿ ಸರಿಸಿ ಒಳಗ ಗಾಳಿ ಆಡಿಸಿ ಬರ್ತಾನ.