ಕಣ್ಣೂರಿನ ಪಕ್ಕ ತೂತಿರುವ ಹಳೇ ಮ್ಯಾಪ್ ಯಾರಾದರೂ ತಂದರೆ ತಗೋಬೇಡಿ

ಮಲಬಾರ್ ತೀರದ ಹಳೇ ಮ್ಯಾಪ್, ಹಡಗು ದಾರಿಯ ಗೆರೆಗಳು, ಮೂಲೆಯಲ್ಲೊಂದು ದಿಕ್ಸೂಚಿ, ಕಣ್ಣೂರಿನ ಪಕ್ಕ ಹುಳ ತಿಂದ ಸಣ್ಣ ತೂತು. ಇಂಥದ್ದನ್ನು ಯಾರಾದರೂ ನಿಮಗೆ ತೋರಿಸಿದರೆ ದಯವಿಟ್ಟು ದುಡ್ಡು ಕೊಡಬೇಡಿ. ನಾನು ಕೊಟ್ಟೆ. 42,000 ರೂಪಾಯಿ. ಬರೆಯಲು ನಾಚಿಕೆ ಆಗ್ತಿದೆ, ಆದರೂ ಬರೀತೀನಿ.

ಮಡಿಕೇರಿ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ. ಹಾಲ್‌ನ ಗೋಡೆ ಖಾಲಿ ಇತ್ತು. ನಮ್ಮ ಬೆಟ್ಟದ ಏಲಕ್ಕಿ, ಮೆಣಸು ಕೆಳಗಿಳಿದು ಹಡಗು ಹತ್ತುತ್ತಿದ್ದ ತೀರ ಅಲ್ವಾ, ಮಂಗಳೂರು, ಕಣ್ಣೂರು, ತಲಶ್ಶೇರಿ, ಕಲ್ಲಿಕೋಟೆ ಎಲ್ಲ ಒಂದೇ ಮ್ಯಾಪ್‌ನಲ್ಲಿ ಇದ್ದರೆ ಚೆನ್ನಾಗಿರುತ್ತೆ ಅಂತ ನನಗೆ ಬಹಳ ದಿನದಿಂದ ಆಸೆ. ಆನ್‌ಲೈನ್‌ನಲ್ಲಿ ಸಿಕ್ಕಿದ ಮನುಷ್ಯ ಹೇಳಿದ್ದು, "ಸರ್, 1747ರದ್ದು, ಒರಿಜಿನಲ್, ನಿಮ್ಮ ಕಡೆಯದೇ ಒಂದು ಪ್ಲಾಂಟರ್ ಬಂಗಲೆಯಲ್ಲಿ ಸಿಕ್ಕಿದ್ದು. ಬೆಂಗಳೂರು ಪಾರ್ಟಿ ಒಬ್ಬರು ಕೇಳ್ತಾ ಇದ್ದಾರೆ." ಆ ಬೆಂಗಳೂರು ಪಾರ್ಟಿ ಇಲ್ಲದ ವ್ಯಾಪಾರ ಎಲ್ಲಿದೆ ಹೇಳಿ. ಅದೇ ಸಂಜೆ 10,000 ಅಡ್ವಾನ್ಸ್ ಕಳಿಸಿದೆ. ಉಳಿದದ್ದನ್ನು ಕುಶಾಲನಗರ ಬಸ್ ಸ್ಟ್ಯಾಂಡ್ ಹತ್ತಿರ ಕೈಗೆ ಕೊಟ್ಟೆ. ಬಸ್ ಸ್ಟ್ಯಾಂಡ್‌ನಲ್ಲಿ! ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವನು ನಾನು, ಫ್ರೇಮ್ ಬಿಚ್ಚಿ ತೋರಿಸು ಅನ್ನಲಿಲ್ಲ.

ಜೊತೆಗೆ ಚಿನ್ನದ ಬಣ್ಣದ ಸೀಲ್ ಇರುವ ಸರ್ಟಿಫಿಕೇಟು. ಅದರಲ್ಲಿ "ಬ್ರಿಟಿಷ್ ಕಂಪನಿಯ ಸರ್ವೆ ಮ್ಯಾಪ್" ಅಂತ ಇತ್ತು. ಮ್ಯಾಪ್ ಮೇಲೆ ನೋಡಿದರೆ ಎಲ್ಲ ಫ್ರೆಂಚ್ ಅಕ್ಷರ, ಕೆಳಗೆ ಬೆಲಿನ್ ಎಂಬ ಹೆಸರು. ಜಾಕ್ ನಿಕೊಲಾ ಬೆಲಿನ್ ಫ್ರೆಂಚ್ ನೌಕಾಪಡೆಗೆ ಮ್ಯಾಪ್ ಮಾಡುತ್ತಿದ್ದವನು, 1772ರಲ್ಲಿ ತೀರಿಕೊಂಡ. ಬ್ರಿಟಿಷರು ಕೊಡಗನ್ನು ತೆಗೆದುಕೊಂಡಿದ್ದೇ 1834ರಲ್ಲಿ. ಇದೆಲ್ಲ ಆಮೇಲೆ ಹುಡುಕಿ ಓದಿದ್ದು, ದುಡ್ಡು ಹೋದ ಮೇಲೆ ಬುದ್ಧಿ. ಇನ್ನೊಂದು, ಮಳೆಗಾಲದಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು. ಇಲ್ಲಿನ ಬಂಗಲೆಯಲ್ಲಿದ್ದ ಕಾಗದ ಅಷ್ಟು ಚೊಕ್ಕಟವಾಗಿ ಉಳಿಯುತ್ತಾ? ಇದಾದರೂ ನನಗೆ ಹೊಳೆಯಬೇಕಿತ್ತು.

ಎರಡು ತಿಂಗಳು ಬಂದ ಗೆಸ್ಟ್‌ಗಳಿಗೆಲ್ಲ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಒಬ್ಬರು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು, ನಕ್ಕರು, ಏನೂ ಹೇಳದೆ ಕಾಫಿ ಕುಡಿಯಲು ಹೋದರು. ಆ ನಗು ಈಗಲೂ ಚುಚ್ಚುತ್ತೆ.

ಜುಲೈ ಮಳೆಗೆ ಗಾಜಿನ ಒಳಗೆ ನೀರಾಡಿತು ಅಂತ ಮಡಿಕೇರಿಯ ಫ್ರೇಮ್ ಅಂಗಡಿಗೆ ತಗೊಂಡು ಹೋದೆ. ಹುಡುಗ ಹಿಂದಿನ ಮೊಳೆ ಕಿತ್ತು, ಕಾಗದ ಎತ್ತಿ, ಆ ತೂತಿನ ಮೇಲೆ ಬೆರಳಿಟ್ಟ. "ಸರ್, ಇಲ್ಲಿ ತೂತೇ ಇಲ್ವಲ್ಲ." ನಾನೂ ಬೆರಳಿಟ್ಟೆ. ಇಲ್ಲ. ನುಣ್ಣಗೆ. ತೂತಿನ ಫೋಟೋ ಅದು! ನಡುವಿನ ಮಡಿಕೆ ಗೆರೆಯೂ ಫೋಟೋ, ಕಾಗದ ಮಡಿಸೇ ಇಲ್ಲ. ತಿರುಗಿಸಿದರೆ ಕಂದು ಕಲೆ, ಒಂದು ಕಡೆ ಬಳಿದದ್ದು ಗೆರೆಗೆರೆಯಾಗಿ ಇಳಿದಿತ್ತು. ಹುಡುಗ ಮೂಸಿ ನೋಡಿ, "ಡಿಕಾಕ್ಷನ್ ಸರ್" ಅಂದ. ಕಾಫಿ ತೋಟದವನಿಗೆ ಕಾಫಿ ಬಳಿದು ಮಾರಿದ್ದಾನೆ, ನೋಡಿ.

ಅಂಗಡಿಯಿಂದಲೇ ಫೋನ್ ಮಾಡಿದೆ. "ಸರ್, ಒರಿಜಿನಲ್ ಅಂದ್ರೆ ಒರಿಜಿನಲ್ ನೋಡಿ ಮಾಡಿದ್ದು ಅಂತ." ಹಾಗಾದ್ರೆ 1747 ಅಂದಿದ್ದು? "ಮ್ಯಾಪ್ ಇಸವಿ ಸರ್ ಅದು, ಪೇಪರ್ ಇಸವಿ ಅಲ್ಲ." ದುಡ್ಡು ವಾಪಸ್ ಕೊಡು ಅಂದೆ. "ಫ್ರೇಮ್ ಬಿಚ್ಚಿದ್ದೀರಲ್ಲ ಸರ್, ಇನ್ನು ರಿಟರ್ನ್ ಆಗಲ್ಲ." ಬಿಚ್ಚದೆ ಗೊತ್ತಾಗೋದು ಹೇಗಯ್ಯಾ? ಅಲ್ಲಿಗೆ ಫೋನ್ ಕಟ್. ಆಮೇಲೆ ಬ್ಲಾಕ್.

ತಗೊಳ್ಳೋರು ಮೊದಲು ಫ್ರೇಮ್ ಬಿಚ್ಚಿಸಿ, ಒಪ್ಪದಿದ್ದರೆ ಎದ್ದು ಬನ್ನಿ. ಆ ಕಾಲದ ಮ್ಯಾಪ್‌ಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿ, ಒದ್ದೆ ಕಾಗದದ ಮೇಲೆ ಒತ್ತಿ ಅಚ್ಚು ಹಾಕುತ್ತಿದ್ದರು. ಅದಕ್ಕೇ ಚಿತ್ರದ ಸುತ್ತ ತಗಡಿನ ಅಂಚು ಕೂತ ತಗ್ಗು ಸಾಮಾನ್ಯವಾಗಿ ಬೆರಳಿಗೆ ಸಿಗುತ್ತೆ, ಅಂಚು ಕತ್ತರಿಸಿದ್ದರೆ ಮಾತ್ರ ಸಿಗಲ್ಲ. ಕಾಗದ ಬೆಳಕಿಗೆ ಹಿಡಿದರೆ ಒಳಗೆ ಸಾಲು ಸಾಲು ಗೆರೆ ಕಾಣಬೇಕು. ನನ್ನದು ಮದುವೆ ಕಾರ್ಡಿನ ಹಾಗಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಬಣ್ಣದ ಚುಕ್ಕಿಗಳು ಕಂಡರೆ ಮುಗೀತು, ಮೆಷಿನ್ ಪ್ರಿಂಟು. ಸರ್ಟಿಫಿಕೇಟನ್ನಂತೂ ನಂಬಲೇಬೇಡಿ.

ಮೊನ್ನೆ ಅದೇ ಮ್ಯಾಪ್ ಮತ್ತೆ ಮಾರಾಟಕ್ಕೆ ಬಂದಿದೆ. ಅದೇ ಕಣ್ಣೂರು, ಅದೇ ತೂತು, ಈ ಸಲ 45,000. ಹೆಂಡತಿಯ ನಂಬರಿನಿಂದ "ಇದು ನಿಜವಾಗಲೂ ಹಳೇದಾ?" ಅಂತ ಕೇಳಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು. "ಒಂದೇ ಪೀಸ್ ಮೇಡಂ, ಬೆಂಗಳೂರು ಪಾರ್ಟಿ ಕೇಳ್ತಾ ಇದ್ದಾರೆ."