ಮೌಂಟ್ ಆಯ್ಕೆಗಳ ಕೈಪಿಡಿ ತಿದ್ದುವಾಗ: ಮ್ಯಾನ್ ಪುಟವೋ, ಕರ್ನಲ್ ದಾಖಲೆಯೋ, ಯಂತ್ರವೋ?

ಲಿನಕ್ಸ್ ಸರ್ವರ್‌ಗಳ ಕೈಪಿಡಿಯಲ್ಲಿ ಎಫ್‌ಎಸ್‌ಟ್ಯಾಬ್ (ಬೂಟ್ ವೇಳೆ ಯಾವ ಡಿಸ್ಕನ್ನು ಯಾವ ಆಯ್ಕೆಗಳೊಂದಿಗೆ ಮೌಂಟ್ ಮಾಡಬೇಕು, ಅಂದರೆ ಬಳಕೆಗೆ ಜೋಡಿಸಬೇಕು ಎಂದು ಹೇಳುವ ಫೈಲ್) ಸಾಲುಗಳು ಸದ್ದಿಲ್ಲದೆ ಹಳತಾಗುತ್ತವೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನಲ್ಲಿ ಬರಹದ ಕ್ರಮ ಕಾಯುವ ರಕ್ಷಣೆಯನ್ನು ನಿಲ್ಲಿಸುತ್ತಿದ್ದ 'ನೋಬ್ಯಾರಿಯರ್' ಆಯ್ಕೆಯನ್ನೇ ನೋಡಿ: ಲಿನಕ್ಸ್‌ನ ತಿರುಳಾದ ಕರ್ನಲ್‌ನ ಆವೃತ್ತಿ 4.19ರಲ್ಲಿ ಅದನ್ನು ಕಿತ್ತುಹಾಕಿದರು. ಆ ಪದ ಉಳಿದ ಸಾಲು ಈಗ ಮೌಂಟ್ ಆಗುವುದಿಲ್ಲ. ಬೂಟ್‌ಗೆ ಬೇಕೇಬೇಕಾದ ಡಿಸ್ಕ್ ಆಗಿದ್ದರೆ ಬೂಟ್ ಎಮರ್ಜೆನ್ಸಿ ಮೋಡ್‌ಗೆ (ದುರಸ್ತಿಗಷ್ಟೇ ಇರುವ ಸ್ಥಿತಿ) ಬಂದು ನಿಲ್ಲುತ್ತದೆ. ತಿದ್ದಲು ಮೂರು ಆಧಾರಗಳಿವೆ.

ಓದಲು ಸುಲಭ ಮ್ಯಾನ್ ಪುಟಗಳೇ, ಅಂದರೆ ಕಮಾಂಡ್‌ಗಳ ಜೊತೆ ಬರುವ ಸಹಾಯ ಪುಟಗಳು. 'ಮೌಂಟ್' ಪುಟದಲ್ಲಿ ನೋಎಟೈಮ್, ರೆಲ್‌ಎಟೈಮ್‌ನಂಥ (ಫೈಲ್ ಓದಿದ ಸಮಯ ದಾಖಲಿಸುವುದನ್ನು ನಿಯಂತ್ರಿಸುವ) ಸಾಮಾನ್ಯ ಆಯ್ಕೆಗಳು. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್‌ಗಳಿಗೆ ಮ್ಯಾನ್ ಪುಟಗಳ ಐದನೇ ವಿಭಾಗದಲ್ಲಿ ಬೇರೆ ಪುಟ. ತೊಡಕೆಂದರೆ ಇವು ಬರುವುದು ಟೂಲ್‌ಗಳ ಪ್ಯಾಕೇಜಿನೊಂದಿಗೆ, ಕರ್ನಲ್‌ನೊಂದಿಗಲ್ಲ. ಎರಡರ ಆವೃತ್ತಿ ಹೊಂದದಿದ್ದರೆ ಪುಟ ಹೇಳುವುದೊಂದು, ಯಂತ್ರ ಮಾಡುವುದೊಂದು.

ಕರ್ನಲ್ ದಾಖಲೆ ಒರಟು, ಆದರೆ ಇತಿಹಾಸ ಇರುವುದು ಅಲ್ಲೇ. ತೆಗೆದುಹಾಕಿದ ಆಯ್ಕೆಗಳನ್ನು ಆವೃತ್ತಿಸಮೇತ ಪಟ್ಟಿ ಮಾಡಿದ ಎಕ್ಸ್‌ಎಫ್‌ಎಸ್ ಪುಟಕ್ಕೆ ನನ್ನ ಮಟ್ಟಿಗೆ ಸಾಟಿಯಿಲ್ಲ. ನಿಮ್ಮ ಕರ್ನಲ್ ಆವೃತ್ತಿಯ ದಾಖಲೆಯನ್ನೇ ತೆರೆಯಿರಿ. ಲಿನಕ್ಸ್ ವಿತರಕರು ಹೊಸ ಬದಲಾವಣೆಗಳನ್ನು ಹಳೇ ಕರ್ನಲ್‌ಗೆ ತುಂಬುವುದರಿಂದ ಆವೃತ್ತಿಸಂಖ್ಯೆಯೂ ಕೆಲವೊಮ್ಮೆ ಮೋಸ ಮಾಡುತ್ತದೆ.

ಹಾಗಾಗಿ ಕೊನೆಯ ಮಾತು ಯಂತ್ರದ್ದೇ. 'ಟ್ರಂಕೇಟ್' ಕಮಾಂಡ್‌ನಿಂದ 512 ಎಂಬಿ ಫೈಲ್ ಮಾಡಿ, ಫಾರ್ಮ್ಯಾಟ್ ಮಾಡಿ, ಲೂಪ್ ಮೂಲಕ (ಫೈಲನ್ನೇ ಡಿಸ್ಕಿನಂತೆ ಬಳಸಿ) ಮೌಂಟ್ ಮಾಡಿ. ಇದಕ್ಕಿಂತ ತೀರ ಚಿಕ್ಕದು ಬೇಡ: ಹೊಸ ಎಕ್ಸ್‌ಎಫ್‌ಎಸ್ ಟೂಲ್‌ಗಳು 300 ಎಂಬಿಗಿಂತ ಕಡಿಮೆಯಿದ್ದರೆ ಒಪ್ಪುವುದಿಲ್ಲ. ಮೌಂಟ್ ಸೋತರೆ ಕಾರಣ ಕರ್ನಲ್ ಸಂದೇಶಗಳನ್ನು ತೋರಿಸುವ 'ಡಿಮೆಸೇಜ್'ನ ಕೊನೆಯ ಸಾಲುಗಳಲ್ಲಿರುತ್ತದೆ. ರಿಮೌಂಟ್ ಮಾಡಿ (ಅನ್‌ಮೌಂಟ್ ಮಾಡದೆಯೇ ಆಯ್ಕೆ ಬದಲಿಸಿ) ಪರೀಕ್ಷಿಸಬೇಡಿ. ತಾನು ಬದಲಿಸಲಾಗದ ಆಯ್ಕೆಯನ್ನು ಎಕ್ಸ್‌ಎಫ್‌ಎಸ್ ಸುಮ್ಮನೆ ನುಂಗಿಕೊಂಡು 'ಆಯಿತು' ಎನ್ನಬಲ್ಲದು. ಅನ್‌ಮೌಂಟ್ ಮಾಡಿ ಹೊಸದಾಗಿ ಮೌಂಟ್ ಮಾಡಿದರಷ್ಟೇ ನಿಜ ತಿಳಿಯುತ್ತದೆ. ಮೌಂಟ್‌ಗಳ ಪಟ್ಟಿ ತೋರಿಸುವ 'ಫೈಂಡ್‌ಮೌಂಟ್' ಕಮಾಂಡ್‌ನ ವೆರಿಫೈ ಆಯ್ಕೆ ಕೂಡ ಎಫ್‌ಎಸ್‌ಟ್ಯಾಬಿನ ರಚನೆ ನೋಡುತ್ತದೆಯೇ ಹೊರತು ಇಂಥ ಸತ್ತ ಆಯ್ಕೆಯನ್ನು ಹಿಡಿಯುವುದಿಲ್ಲ.

ಡೀಫಾಲ್ಟ್‌ಗಳನ್ನು ಬರೆಯುವಾಗ ಇನ್ನೊಂದು ಎಡವಟ್ಟು. ಇಎಕ್ಸ್‌ಟಿ4ನಲ್ಲಿ 'ಫೈಂಡ್‌ಮೌಂಟ್' ತೋರಿಸುವ ಪಟ್ಟಿಯಲ್ಲಿ ಹೆಚ್ಚಿನ ಡೀಫಾಲ್ಟ್‌ಗಳು ಕಾಣುವುದಿಲ್ಲ. ಕರ್ನಲ್ ತನ್ನ ಸ್ಥಿತಿ ತೋರಿಸುವ 'ಪ್ರಾಕ್' ಡೈರೆಕ್ಟರಿಯ ಎಫ್‌ಎಸ್ ಫೋಲ್ಡರಿನಲ್ಲಿ ಇಎಕ್ಸ್‌ಟಿ4, ಅದರೊಳಗೆ ಡಿಸ್ಕಿನ ಹೆಸರು, ಅಲ್ಲಿನ 'ಆಪ್ಷನ್ಸ್' ಫೈಲ್ ತೆರೆದರೆ ಕಮಿಟ್ 5 ಸೆಕೆಂಡ್, ಡೇಟಾ ಆರ್ಡರ್ಡ್, ಬ್ಯಾರಿಯರ್ ಎಲ್ಲವೂ ಸಿಗುತ್ತವೆ. ಕರ್ನಲ್ 5.6ರಲ್ಲಿ ಡೀಫಾಲ್ಟ್ ಆದ 'ಡಿಐಒರೀಡ್ ನೋಲಾಕ್' (ಕ್ಯಾಶ್ ದಾಟಿ ನೇರ ಓದುವಾಗ ಲಾಕ್ ಹಿಡಿಯದ ಆಯ್ಕೆ) ಹಳೇ ಕೈಪಿಡಿಗಳಲ್ಲಿ ಇನ್ನೂ ಐಚ್ಛಿಕವೆಂದೇ ಕೂತಿರುವುದು ಇಲ್ಲೇ ಬಯಲಾಗುತ್ತದೆ.

ತಿದ್ದುವಾಗ ಪ್ರತಿ ಸಾಲಿನ ಪಕ್ಕ ಪರೀಕ್ಷಿಸಿದ ಕರ್ನಲ್ ಆವೃತ್ತಿ ನಮೂದಿಸಿ. 'ನೋಎಟೈಮ್, ನೋಡಿರ್‌ಎಟೈಮ್' ಜೋಡಿ ಕಂಡರೆ ಎರಡನೆಯದನ್ನು ಹೊಡೆದುಹಾಕಿ. ಮೊದಲನೆಯದು ಡೈರೆಕ್ಟರಿಗಳಿಗೂ ಅನ್ವಯಿಸುತ್ತದೆ.