ಚಿಗರಿ, ಕುರಿ ಮೇಯುವ ನೆಲ: ಯಾವ ಎಣಿಕೆ ನಿಮಗೆ?

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು. ವಿಸ್ತೀರ್ಣ ಸುಮಾರು 119 ಚದರ ಕಿಲೋಮೀಟರ್. ಅದರ ಅಂಚಿನಲ್ಲಿ ಕುರಿಯೂ ಚಿಗರಿಯೂ (ಅಂದರೆ ಕೃಷ್ಣಮೃಗವೂ) ಹುಲ್ಲು ಹಂಚಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಬೇಕೆಂದಿರುವ ವಿದ್ಯಾರ್ಥಿಯ ಪ್ರಶ್ನೆ: ನಡೆದು ಎಣಿಸಲೋ, ಹಿಕ್ಕೆ ಎಣಿಸಲೋ, ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಲೋ?

ಖರ್ಚಿನಲ್ಲಿ ಮೊದಲೆರಡು ಹಗುರ. ಕ್ಯಾಮೆರಾ ದುಬಾರಿ, ಬಯಲಿನಲ್ಲಿ ಕಳವಿನ ಭಯವೂ ಉಂಟು.

ನಿಖರತೆಯೇ ನಿಜವಾದ ತೊಡಕು. ದನದ ಸಗಣಿ ದೂರದಿಂದಲೇ ಗುರುತು ಸಿಗುತ್ತದೆ. ಕುರಿ ಹಿಕ್ಕೆ, ಚಿಗರಿ ಹಿಕ್ಕೆ ಮಾತ್ರ ಕಣ್ಣಿಗೆ ಮೋಸ ಮಾಡುತ್ತವೆ. ಗಂಡು ಚಿಗರಿ ತನ್ನ ಹಿಡಿತದ ಜಾಗದಲ್ಲಿ ಒಂದೇ ಕಡೆ ಗುಡ್ಡೆ ಹಾಕುವುದರಿಂದ ಎಣಿಕೆ ಇನ್ನಷ್ಟು ವಾಲುತ್ತದೆ. ಮಳೆಗಾಲದಲ್ಲಂತೂ ಹಿಕ್ಕೆ ಕರಗಿಯೇ ಹೋಗುತ್ತದೆ. ಬೇಸಿಗೆಯಲ್ಲಿ, ದನಗಳೇ ಹೆಚ್ಚಿರುವ ಕಡೆ ಈ ದಾರಿ ಚೆನ್ನ.

ಚಿಗರಿ ಹಗಲು ಮೇಯುವ, ಬಯಲು ನಂಬಿದ ಪ್ರಾಣಿ. ಹಾಗಾಗಿ ತೆರೆದ ಹುಲ್ಲುಗಾವಲಿನಲ್ಲಿ ಬೆಳಗ್ಗೆ, ಸಂಜೆ ನಡೆದು ಎಣಿಸುವುದನ್ನೇ ನಾನು ಆರಿಸುವೆ. ಕುರಿ ಹಿಂಡಿನ ಜೊತೆ ನಾಯಿ ಬಂದಾಗ ಚಿಗರಿ ಎಷ್ಟು ದೂರ ಸರಿಯಿತೆಂಬುದೂ ಕಣ್ಣಿಗೇ ಕಾಣುತ್ತದೆ. ಕುರಿಗಾರರನ್ನು ಮಾತಾಡಿಸಿ, ಅವರಿಗೆ ನೆಲದ ನೆನಪಿದೆ.

ನೀಲಗಿರಿ ನೆಡುತೋಪಿನೊಳಗೆ ನೋಟ ಹಾಯದು. ರಾತ್ರಿಯ ಪ್ರಶ್ನೆಯಿದ್ದರೂ ಅಷ್ಟೇ. ಅಲ್ಲಿ ಕ್ಯಾಮೆರಾ ಕಟ್ಟಿ. ಯಾವುದಕ್ಕೂ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.